ಉಳಿದ ಮಾತ್ರೆ, ಬಳಸಿದ ಸೂಜಿ



ಈ ಮಾತು ಕೇಳುತ್ತಲೇ ಒಂದು ಕೆಲಸ ಮಾಡಬಹುದು. ಮನೆಯ ಮದ್ದಿನ ಡಬ್ಬಿ ಎಲ್ಲಿದೆಯೋ ಅಲ್ಲಿಂದ ಕೆಳಗಿಳಿಸಿ ಮುಂದಿಟ್ಟುಕೊಳ್ಳಿ. ಕೆಲವರ ಮನೆಯಲ್ಲಿ ಅದು ಫ್ರಿಜ್ಜಿನ ಮೇಲಿರುತ್ತದೆ, ಕೆಲವರಲ್ಲಿ ಕನ್ನಡಿಯ ಹಿಂದಿನ ಗೂಡಿನಲ್ಲಿ, ಇನ್ನು ಕೆಲವರಲ್ಲಿ ಬೀರುವಿನೊಳಗೆ ಸೀರೆಗಳ ಕೆಳಗೆ. ಮದ್ದಿಗೆಂದೇ ಕೊಂಡು ತಂದ ಡಬ್ಬಿ ಅಲ್ಲ ಅದು. ಯಾರದೋ ಮದುವೆಯ ಸಿಹಿ ಬಂದಿದ್ದ ತಗಡಿನ ಪೆಟ್ಟಿಗೆ. ಒಳಗೆ ಏನಿದೆಯೆಂದು ನೋಡದೆಯೇ ಬಹುಮಟ್ಟಿಗೆ ಹೇಳಬಲ್ಲೆ. ಜ್ವರದ ಮಾತ್ರೆಯ ಅರ್ಧ ಪಟ್ಟಿ. ಐದು ದಿನಕ್ಕೆ ಬರೆದುಕೊಟ್ಟದ್ದನ್ನು ಮೂರನೆಯ ದಿನಕ್ಕೇ ನಿಲ್ಲಿಸಿದ್ದರಿಂದ ಉಳಿದ ಆಂಟಿಬಯೋಟಿಕ್. ಮುಚ್ಚಳ ಸಕ್ಕರೆಗಟ್ಟಿ ತಿರುಗಿಸಲಾಗದ ಮಗುವಿನ ಕೆಮ್ಮಿನ ಸಿರಪ್. ಹಿಂಡಿ ಹಿಂಡಿ ಬೆನ್ನು ಮುರಿದ ಮಂಡಿನೋವಿನ ಮುಲಾಮು. ಎಲ್ಲಕ್ಕಿಂತ ಕೆಳಗೆ, ತೀರಿಹೋದ ಹಿರಿಯರೊಬ್ಬರ ರಕ್ತದೊತ್ತಡದ ಮಾತ್ರೆಗಳು. ಅವನ್ನು ಎಸೆಯಲು ಯಾರಿಗೂ ಮನಸ್ಸು ಬಂದಿರುವುದಿಲ್ಲ.

ಸರಕಾರಿ ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯ ಹಿಂದೆ ಬಹಳ ಕಾಲ ಕುಳಿತವನು ನಾನು. ಮದ್ದು ಹೇಗೆ ನುಂಗಬೇಕು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಉಳಿದರೆ ಏನು ಮಾಡಲಿ ಎಂದು ಕೇಳಿದವರು ಮಾತ್ರ ತೀರ ಕಡಿಮೆ. ನಾವೂ ಹೇಳಲಿಲ್ಲ ಅನ್ನಿ. ಮದ್ದು ಕಿಟಕಿ ದಾಟಿದ ಮೇಲೆ ನಮ್ಮ ಕೆಲಸ ಮುಗಿಯಿತು ಎನ್ನುವುದೇ ಇಡೀ ವ್ಯವಸ್ಥೆಯ ಲೆಕ್ಕಾಚಾರ.

ಮೊದಲು ದಿನಾಂಕದ ವಿಚಾರ. ಪಟ್ಟಿಯ ಮೇಲೆ ಅವಧಿ 06/2026 ಎಂದಿದ್ದರೆ ಆ ಜೂನ್ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದರ್ಥ. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಬರುವುದು ಕತ್ತರಿಸಿದ ಪಟ್ಟಿಯಲ್ಲಿ. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ದಿನಾಂಕವಿರುವ ತುದಿ ಅವರ ಬಳಿಯೇ ಉಳಿಯುತ್ತದೆ. ನಮ್ಮ ಪಾಲಿಗೆ ಹೆಸರೂ ಅರ್ಧ, ದಿನಾಂಕವಂತೂ ಇಲ್ಲ. ಇಂಥ ತುಂಡುಗಳು ವರ್ಷಗಟ್ಟಲೆ ಡಬ್ಬಿಯಲ್ಲಿ ಕೂರುತ್ತವೆ. ತೆರೆದ ಬಾಟಲಿಗಳ ಕಥೆ ಬೇರೆ. ಕಣ್ಣಿನ ಡ್ರಾಪ್ಸ್ ಮುಚ್ಚಳ ತೆಗೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಷ್ಟೇ, ಹೊರಗೆ ಯಾವ ದಿನಾಂಕವಿದ್ದರೂ. ಮಕ್ಕಳ ಆಂಟಿಬಯೋಟಿಕ್ ಪುಡಿಗೆ ನೀರು ಬೆರೆಸಿದರೆ ವಾರದ ಆಸುಪಾಸು. ಬಳಸಲು ತೊಡಗಿದ ಇನ್ಸುಲಿನ್ ಸೀಸೆ ಸಾಧಾರಣವಾಗಿ ನಾಲ್ಕು ವಾರ. ಈ ಲೆಕ್ಕ ಹಿಡಿದು ನೋಡಿದರೆ ನಿಮ್ಮ ಡಬ್ಬಿಯಲ್ಲಿ ಹೋಗಬೇಕಾದದ್ದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ.

ಹೋಗಬೇಕು ಸರಿ, ಎಲ್ಲಿಗೆ?

ನಮ್ಮ ಮನೆಗಳಲ್ಲಿ ಇದಕ್ಕೆ ಮೂರು ದಾರಿ. ಸಿರಪ್ ಆದರೆ ಸಿಂಕಿಗೆ ಅಥವಾ ಕಮೋಡಿಗೆ. ಮಾತ್ರೆ ಆದರೆ ಕಸದ ಬುಟ್ಟಿಗೆ. ಹಳ್ಳಿಯಲ್ಲಾದರೆ ಹಿತ್ತಲಿನ ಒಣಸೊಪ್ಪಿನ ಜೊತೆ ಬೆಂಕಿಗೆ. ಮೂರನೆಯದನ್ನು ಬೇಗ ಮುಗಿಸಿಬಿಡುತ್ತೇನೆ. ಮಾತ್ರೆಯ ಪಟ್ಟಿ ಬಹುಪಾಲು ಪಿವಿಸಿ ಪ್ಲಾಸ್ಟಿಕ್ಕು ಮತ್ತು ಅಲ್ಯೂಮಿನಿಯಂ ಹಾಳೆ. ಹಿತ್ತಲ ಬೆಂಕಿಯ ಕಡಿಮೆ ಶಾಖದಲ್ಲಿ ಪಿವಿಸಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಕ್ಯಾನ್ಸರ್ ಮದ್ದನ್ನು ಸುಡುವ ಅಧಿಕೃತ ಕುಲುಮೆಯಲ್ಲಿ 1,200 ಡಿಗ್ರಿಗೂ ಮೇಲಿನ ಶಾಖ ಬೇಕೆಂದು ನಿಯಮವೇ ಇದೆ. ಅದನ್ನು ತೆಂಗಿನ ಗರಿಯ ಉರಿ ಮುಟ್ಟುವುದಿಲ್ಲ. ಆಸ್ತಮಾದ ಇನ್‌ಹೇಲರ್ ಡಬ್ಬಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಸುಡಬೇಡಿ.

ಕಮೋಡಿನ ದಾರಿ ಹೆಚ್ಚು ಮೋಸದ್ದು. ಗುಂಡಿ ಒತ್ತಿದರೆ ಸಾಕು, ಎಲ್ಲ ಮಾಯ. ಬೆಂಗಳೂರಿನ ಒಂದು ಮನೆಯಲ್ಲಿ ಹೀಗೆ ಮಾಯವಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ನೋಡಿ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೊಳವೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಜನರ ಬಾಯಲ್ಲಿ ಅದು ಕೆ.ಸಿ. ವ್ಯಾಲಿ ನೀರು. ಬತ್ತಿಹೋಗಿದ್ದ ಕೆರೆಗಳು ತುಂಬಿದವು, ಅಂತರ್ಜಲ ಏರಿತು, ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡಿತು. ಆ ನೀರಿನ ಗುಣಮಟ್ಟದ ಬಗ್ಗೆ ಜಗಳವೂ ನಡೆಯಿತು. ಆ ಜಗಳದಲ್ಲಿ ಯಾರು ಸರಿ ಎಂದು ಹೇಳಲು ನಾನು ಇಲ್ಲಿ ಬಂದಿಲ್ಲ. ಹೇಳಬೇಕಾದದ್ದು ಇಷ್ಟು: ಕೊಳಚೆ ಸಂಸ್ಕರಣಾ ಘಟಕಗಳನ್ನು ಕಟ್ಟಿರುವುದು ಮಲಮೂತ್ರದ ಕೊಳೆ ತೆಗೆಯಲು. ಮದ್ದಿನ ಅಣುಗಳನ್ನು ಹಿಡಿದು ನಿಲ್ಲಿಸಲು ಅಲ್ಲ. ಕೆಲವು ಮದ್ದು ಅಲ್ಲಿಯ ಬ್ಯಾಕ್ಟೀರಿಯಾಗಳ ಬಾಯಿಗೆ ಸಿಕ್ಕು ಕರಗುತ್ತವೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್‌ನಂಥವು ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೆಚ್ಚುಕಡಿಮೆ ಹೊಕ್ಕಷ್ಟೇ ಹೊರಬರುತ್ತವೆ.

ಕಾವೇರಿಯೂ ಹೊರತಲ್ಲ. ಐಐಟಿ ಮದ್ರಾಸಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನದಿಯ ನೀರಿನಲ್ಲಿ ನೋವಿನ ಮಾತ್ರೆ, ರಕ್ತದೊತ್ತಡದ ಮಾತ್ರೆ, ಹೀಗೆ ಹಲವು ಬಗೆಯ ಔಷಧದ ಕುರುಹು ಸಿಕ್ಕಿತು. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ನದಿ ಸೇರುವ ಮದ್ದಿನ ದೊಡ್ಡ ಪಾಲು ನಮ್ಮ ಮೈಯಿಂದಲೇ ಹೋದದ್ದು. ನುಂಗಿದ್ದರಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಬೀಳುತ್ತದೆ, ಅದನ್ನು ಯಾರೂ ತಡೆಯಲಾರರು. ನುಂಗದೆ ಸುರಿಯುವುದನ್ನು ತಡೆಯಬಹುದು.

ಅಷ್ಟು ಸಣ್ಣ ಪ್ರಮಾಣದಲ್ಲಿ ಏನಾದೀತು ಎನ್ನುವವರಿಗೆ ರಾಮನಗರದ ರಾಮದೇವರ ಬೆಟ್ಟದ ಕಡೆ ಕೈ ತೋರಿಸುತ್ತೇನೆ. ‘ಶೋಲೆ’ ಚಿತ್ರದ ಬಂಡೆಗಳೆಂದು ಹೆಸರಾದ ಆ ಜಾಗವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿದರು. ಹದ್ದುಗಳನ್ನು ಕಾಪಾಡಲು ಅಭಯಾರಣ್ಯವೇ ಬೇಕಾದದ್ದು ಏಕೆ? ಒಂದು ನೋವಿನ ಮದ್ದಿನಿಂದ. ಡೈಕ್ಲೋಫೆನಾಕ್. ನಿಮ್ಮ ಡಬ್ಬಿಯಲ್ಲಿರುವ ಮುಲಾಮಿನ ಟ್ಯೂಬನ್ನು ತಿರುಗಿಸಿ ನೋಡಿ, ಅದೇ ಹೆಸರಿರುವ ಸಾಧ್ಯತೆ ಬಹಳ. ದನಗಳಿಗೆ ಅದನ್ನು ಚುಚ್ಚುತ್ತಿದ್ದರು. ಚುಚ್ಚಿದ ಮೇಲೂ ಬದುಕದೆ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. ಕಾರಣ ಇದೇ ಎಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ ತೋರಿಸಿತು. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಂತೆ ಉಳಿದಿದ್ದವು. ಪಶುಗಳಿಗೆ ಆ ಮದ್ದು ಕೊಡುವುದನ್ನು 2006ರಲ್ಲೇ ನಿಷೇಧಿಸಿದರು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಹೋಗುವುದು ನಿಲ್ಲದ್ದರಿಂದ 2015ರಲ್ಲಿ ಸೀಸೆಯ ಅಳತೆಯನ್ನೂ ಒಂದು ಡೋಸಿಗೆ ಇಳಿಸಿದರು. ಹದ್ದು ಸತ್ತದ್ದು ಕಮೋಡಿಗೆ ಸುರಿದ ಮದ್ದಿನಿಂದ ಅಲ್ಲ, ನಿಜ. ಕೆಲಸ ಮುಗಿದ ಮದ್ದು ಕೆಲಸ ನಿಲ್ಲಿಸುವುದಿಲ್ಲ ಎಂಬುದಕ್ಕೆ ಮಾತ್ರ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ಉಳಿದದ್ದು ಕಸದ ಬುಟ್ಟಿ. ಇಲ್ಲಿ ಕೆರೆ, ಹದ್ದುಗಳಿಗಿಂತ ಮೊದಲು ಮನುಷ್ಯರು ಬರುತ್ತಾರೆ. ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೋದಲ್ಲಿ ನಿಂತು ಕೈಯಿಂದಲೇ ಹಸಿ ಕಸ, ಒಣ ಕಸ ಬೇರೆ ಮಾಡುವವರು. ಹಳ್ಳಿಯಲ್ಲಾದರೆ ಪಂಚಾಯಿತಿಯ ಸ್ವಚ್ಛ ವಾಹಿನಿ ಓಡಿಸುವ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಅವರಾದ ಮೇಲೆ ಒಣಕಸ ಕೇಂದ್ರದಲ್ಲಿ ಕುಳಿತು ವಿಂಗಡಿಸುವವರು. ಅಲ್ಲಿಗೂ ಸೇರದೆ ಹೋದದ್ದನ್ನು ಆಯುವ, ಗೋಣಿಚೀಲ ಹೆಗಲಿಗೇರಿಸಿದ ಮಕ್ಕಳು. ನೀವು ಬುಟ್ಟಿಗೆ ಹಾಕಿದ ಮಾತ್ರೆ ಪಟ್ಟಿ ಇಷ್ಟು ಕೈ ದಾಟುತ್ತದೆ. ಆಯುವವರ ಕಣ್ಣಿಗೆ ಚೆನ್ನಾಗಿ ಕಂಡ ಪಟ್ಟಿ ಅವರ ಮನೆಗೆ ಹೋಗಿ ಅವರ ಮಗುವಿನ ಜ್ವರಕ್ಕೆ ಬಳಕೆಯಾಗಬಹುದು. ಅವಧಿ ಮುಗಿದ ಮದ್ದಿಗೆ ಹೊಸ ದಿನಾಂಕ ಒತ್ತಿ ಮಾರುವವರ ಕೈಗೂ ಸೇರಬಹುದು.

ಮಾತ್ರೆಗಾದರೆ ‘ಬಹುದು’ ಎನ್ನುತ್ತೇನೆ. ಸೂಜಿಗೆ ಆ ಪದ ಬೇಕಿಲ್ಲ. ಕಸದಲ್ಲಿ ಬಿದ್ದ ಸೂಜಿ ಚುಚ್ಚುತ್ತದೆ.

ಮನೆಯಲ್ಲಿ ಸೂಜಿ ಎಂದರೆ ಈಗ ಮುಖ್ಯವಾಗಿ ಸಕ್ಕರೆ ಕಾಯಿಲೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿದ ಲೆಕ್ಕ, ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. ಎಲ್ಲರೂ ಇನ್ಸುಲಿನ್ ತೆಗೆದುಕೊಳ್ಳುವವರಲ್ಲ. ತೆಗೆದುಕೊಳ್ಳುವವರಲ್ಲಿ, ಚಿಕ್ಕಂದಿನಿಂದಲೇ ಕಾಯಿಲೆ ಬಂದ ಒಂದು ಮಗುವಿನ ಲೆಕ್ಕ ಹಾಕೋಣ. ಮೂರು ಊಟಕ್ಕೆ ಮೂರು, ರಾತ್ರಿಗೊಂದು, ದಿನಕ್ಕೆ ನಾಲ್ಕು ಚುಚ್ಚು. ಪ್ರತಿ ಸಲ ಹೊಸ ಸೂಜಿ ಎಂದರೆ ವರ್ಷಕ್ಕೆ 1,460. ಬೆರಳ ತುದಿ ಚುಚ್ಚಿ ಸಕ್ಕರೆ ನೋಡುವ ಲ್ಯಾನ್ಸೆಟ್‌ಗಳು ಅದರ ಮೇಲೆ. ಒಂದೇ ಮನೆಯಿಂದ ಇಷ್ಟು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಷ್ಟೇ ಸೂಜಿ ಹೊರಬಿದ್ದರೆ ಅದಕ್ಕೆ ಬಿಳಿ ಡಬ್ಬ, ಚೀಟಿ, ಗಾಡಿ, ದಾಖಲೆ, ತಪ್ಪಿದರೆ ದಂಡ. ಮನೆಯಿಂದ ಬಿದ್ದರೆ ಏನೂ ಇಲ್ಲ. ಈ ವ್ಯತ್ಯಾಸ ನನ್ನನ್ನು ಬಹಳ ಕಾಡಿದೆ.

ಇನ್ಸುಲಿನ್ ಪೆನ್ನಿನ ಸೂಜಿ ಸಾಮಾನ್ಯವಾಗಿ ನಾಲ್ಕು ಮಿಲಿಮೀಟರ್ ಉದ್ದ, ದಪ್ಪ ಕಾಲು ಮಿಲಿಮೀಟರಿಗಿಂತ ಕಡಿಮೆ. ಚುಚ್ಚಿಸಿಕೊಳ್ಳುವವರಿಗೆ ನೋವಾಗದಿರಲೆಂದು ಹಾಗೆ ಮಾಡಿದ್ದಾರೆ. ಕಸ ಕೆದಕುವವರ ಕಣ್ಣಿಗೆ ಕಾಣದಿರುವುದೂ ಅದೇ ಕಾರಣಕ್ಕೆ. ಅದರೊಳಗೆ ಒಣಗಿದ ರಕ್ತದ ಚೂರಿನಲ್ಲಿ ಹೆಪಟೈಟಿಸ್ ಬಿ ವೈರಾಣು ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಸೋಂಕಿನ ಸೂಜಿ ಚುಚ್ಚಿದಾಗ ಎಚ್‌ಐವಿ ಅಂಟುವ ಸಂಭವ ಸುಮಾರು ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಂಟುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಜನ ಹೆದರುವುದು ಮೊದಲನೆಯದಕ್ಕೆ, ಹೆದರಬೇಕಾದದ್ದು ಎರಡನೆಯದಕ್ಕೆ. ಮಕ್ಕಳ ಲಸಿಕೆಯ ಪಟ್ಟಿಗೆ ಹೆಪಟೈಟಿಸ್ ಬಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಇಂದು ಕಸ ವಿಂಗಡಿಸುತ್ತಿರುವ ನಲವತ್ತು ವರ್ಷದ ಹೆಣ್ಣುಮಗಳು ಆ ಪಟ್ಟಿಗಿಂತ ಮುಂಚೆ ಹುಟ್ಟಿದವಳು. ಯಾರಾದರೂ ಮುತುವರ್ಜಿ ವಹಿಸಿ ಹಾಕಿಸಿದ್ದರೆ ಮಾತ್ರ ಅವಳಿಗೆ ರಕ್ಷಣೆ.

ಸೂಜಿ ಕಸದಿಂದ ಮರಳಿ ಮಾರುಕಟ್ಟೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮೊಡಾಸಾ ಇದೆ. 2009ರಲ್ಲಿ ಆ ಊರಿನಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಮತ್ತೆ ಬಳಸಿದ್ದು ತನಿಖೆಯಲ್ಲಿ ಹೊರಬಂತು. ಎಸೆದ ಸಿರಿಂಜುಗಳನ್ನು ಗುಡ್ಡೆ ಹಾಕಿಕೊಂಡ ಗುಜರಿ ದಾಸ್ತಾನುಗಳ ಮೇಲೂ ದಾಳಿ ನಡೆಯಿತು.

ಹಾಗಾದರೆ ಕಾನೂನು ಏನನ್ನುತ್ತದೆ? ಕಾಗದದ ಮೇಲೆ ಚೆನ್ನಾಗಿಯೇ ಹೇಳಿದೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಮನೆಯ ಅಪಾಯಕಾರಿ ಕಸ ಎಂದು ಒಂದು ಪಟ್ಟಿ ಮಾಡಿದರು. ಬಣ್ಣದ ಡಬ್ಬ, ಕೀಟನಾಶಕದ ಡಬ್ಬ, ಟ್ಯೂಬ್‌ಲೈಟು, ಬ್ಯಾಟರಿ, ಒಡೆದ ಪಾದರಸದ ಥರ್ಮಾಮೀಟರು, ಇವುಗಳ ಸಾಲಿನಲ್ಲೇ ಅವಧಿ ಮೀರಿದ ಔಷಧಿ, ಬಳಸಿದ ಸೂಜಿ, ಸಿರಿಂಜು. ಇವನ್ನು ತಂದು ಕೊಡಲು ಪ್ರತಿ ಇಪ್ಪತ್ತು ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಎಂದರು. ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇನ್ನೂ ಮುಂದೆ ಹೋದವು. ಮನೆಯಲ್ಲಿ ರೋಗಿಯ ಆರೈಕೆಯಿಂದ ಹುಟ್ಟುವ ತ್ಯಾಜ್ಯವನ್ನು ಬೇರೆ ಚೀಲದಲ್ಲೋ ಡಬ್ಬದಲ್ಲೋ ಕಟ್ಟಿ ನಗರಸಭೆಯ ಕಸದವರಿಗೆ ಕೊಡಬೇಕು, ನಗರಸಭೆ ಅದನ್ನು ಆಸ್ಪತ್ರೆ ತ್ಯಾಜ್ಯದ ಘಟಕಕ್ಕೆ ಮುಟ್ಟಿಸಲು ಒಪ್ಪಂದ ಮಾಡಿಕೊಳ್ಳಬೇಕು ಎಂದವು. ನಿಮ್ಮ ಊರಿನಲ್ಲಿ ಆ ಇಪ್ಪತ್ತು ಚದರ ಕಿಲೋಮೀಟರಿನ ಕೇಂದ್ರವನ್ನು ನೀವು ಕಂಡಿದ್ದೀರಾ? ನಾನು ಕೇಳುವುದು ವ್ಯಂಗ್ಯಕ್ಕಲ್ಲ. ಕಂಡಿದ್ದರೆ ನೆರೆಯವರಿಗೂ ತೋರಿಸಿ.

ಬಹಳ ಜನ ಮೆಡಿಕಲ್ ಸ್ಟೋರಿಗೆ ಒಯ್ದು ನೋಡುತ್ತಾರೆ. ಅಲ್ಲಿ ನಡೆಯುವ ಮಾತು ಹೀಗೆ.

“ಅಣ್ಣಾ, ಇವೆಲ್ಲ ಡೇಟ್ ಮುಗಿದಿದೆ, ವಾಪಸ್ ತಗೋತೀರಾ?”

“ಇಲ್ಲಮ್ಮ, ನಮ್ಮ ಸ್ಟಾಕು ಮಾತ್ರ ಡಿಸ್ಟ್ರಿಬ್ಯೂಟರ್ ತಗೋತಾರೆ. ನೀವು ತಂದಿದ್ದು ನಾನೆಲ್ಲಿ ಹಾಕ್ಲಿ?”

ಅವರ ಮಾತು ತಪ್ಪಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಅವಧಿ ಮುಗಿದ ಮಾಲಿಗೆ ಕಂಪನಿಯವರೆಗೆ ಹಿಂದಿರುಗುವ ದಾರಿ ಇದೆ, ಏಕೆಂದರೆ ಅದರಲ್ಲಿ ದುಡ್ಡಿದೆ. ಮನೆಯಿಂದ ಬಂದ ಮದ್ದಿಗೆ ಅಂಥ ದಾರಿಯನ್ನು ಯಾರೂ ಹಾಕಿಲ್ಲ.

ಪಕ್ಕದ ಕೇರಳದಲ್ಲಿ ಹಾಕಲು ಹೊರಟಿದ್ದಾರೆ. ಅಲ್ಲಿಯ ಔಷಧ ನಿಯಂತ್ರಣ ಇಲಾಖೆ 2025ರ ಫೆಬ್ರವರಿಯಲ್ಲಿ ಕೋಳಿಕ್ಕೋಡಿನಲ್ಲಿ ಎನ್‌ಪ್ರೌಡ್ ಎಂಬ ಯೋಜನೆ ಆರಂಭಿಸಿತು. ಮನೆಗಳಲ್ಲಿ ಉಳಿದ ಮದ್ದನ್ನು ಸಂಗ್ರಹಿಸಿ ಎರ್ನಾಕುಲಂನ ಸಂಸ್ಕರಣಾ ಘಟಕಕ್ಕೆ ಸಾಗಿಸುವ ಏರ್ಪಾಡು ಅದು. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ, ಸಿಡಿಎಸ್‌ಸಿಒ, ಅವಧಿ ಮೀರಿದ ಹಾಗೂ ಬಳಸದೆ ಉಳಿದ ಔಷಧಗಳ ವಿಲೇವಾರಿಗೆ ಮಾರ್ಗಸೂಚಿ ಹೊರಡಿಸಿ, ರಾಜ್ಯಗಳ ಔಷಧ ಇಲಾಖೆಗಳು ಮತ್ತು ಔಷಧ ವ್ಯಾಪಾರಿಗಳ ಸಂಘಗಳು ಸೇರಿ ಇಂಥ ಹಿಂಪಡೆಯುವ ಕೇಂದ್ರ ತೆರೆಯಲಿ ಎಂದಿತು.

ಆ ಮಾರ್ಗಸೂಚಿಯಲ್ಲಿ ಪತ್ರಿಕೆಗಳ ಗಮನ ಸೆಳೆದದ್ದು ಇನ್ನೊಂದು ವಿಷಯ. ಹದಿನೇಳು ಮದ್ದುಗಳ ಹೆಸರು ಕೊಟ್ಟು, ಇವನ್ನು ಕಮೋಡಿಗೆ ಹಾಕಿ ನೀರು ಬಿಡಿ ಎಂದಿತ್ತು. ಇಷ್ಟು ಹೊತ್ತು ಕಮೋಡಿಗೆ ಹಾಕಬೇಡಿ ಎಂದು ನಾನು ಹೇಳಿದ್ದು ಸುಳ್ಳೇ? ಅಲ್ಲ. ಆ ಪಟ್ಟಿಯಲ್ಲಿರುವುದು ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್‌ನಂಥವು. ತೀವ್ರ ನೋವಿಗೆ, ನಿದ್ದೆಗೆ, ತಳಮಳಕ್ಕೆ ಕೊಡುವವು. ಇವುಗಳಲ್ಲಿ ಕೆಲವು ಒಂದೇ ಡೋಸಿಗೆ ಮಗುವಿನ ಉಸಿರು ನಿಲ್ಲಿಸಬಲ್ಲವು. ಚಟಕ್ಕೆ ಹುಡುಕುವವರೂ ಇದ್ದಾರೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದದ್ದು ಸುಮ್ಮನೆ ಅಲ್ಲ. ಇಂಥದ್ದು ಮನೆಯಲ್ಲಿ ಉಳಿದು, ಹಿಂದಿರುಗಿಸಲು ಜಾಗವೂ ಸಿಗದಿದ್ದಾಗ, ನೀರಿಗೆ ಆಗುವ ಕೇಡಿಗಿಂತ ಡಬ್ಬಿಯಲ್ಲಿ ಕಾಯುತ್ತಿರುವ ಕೇಡು ದೊಡ್ಡದು ಎಂಬ ತೂಕ ಅಲ್ಲಿದೆ. ಕ್ಯಾನ್ಸರ್ ರೋಗಿಗಳ ಮೈಗೆ ಅಂಟಿಸುವ ಫೆಂಟನಿಲ್ ಪಟ್ಟಿಯಲ್ಲಿ ತೆಗೆದ ಮೇಲೂ ಸಾಕಷ್ಟು ಮದ್ದು ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ ಆ ಕೂಡಲೇ ಕಮೋಡಿಗೆ ಹಾಕಬೇಕು. ಆ ಹದಿನೇಳು ಬಿಟ್ಟು ಬೇರೆ ಯಾವುದಕ್ಕೂ ಈ ದಾರಿ ಇಲ್ಲ.

ಉಳಿದ ಮದ್ದಿಗೆ, ಕೇಂದ್ರ ಇಲ್ಲದ ಊರಿನಲ್ಲಿ, ಮನೆಯಲ್ಲೇ ಮಾಡಬಹುದಾದದ್ದು ಇದು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ. ಪುಡಿ ಮಾಡಬೇಡಿ, ಕ್ಯಾಪ್ಸೂಲ್ ಬಿಚ್ಚಬೇಡಿ. ಧೂಳು ನಿಮ್ಮ ಮೂಗಿಗೇ ಬರುತ್ತದೆ. ಬೆಳಗಿನ ಕಾಫಿ ಫಿಲ್ಟರಿನ ಚರಟ, ಇಲ್ಲವೇ ಟೀ ಸೋಸಿದ ಗಸಿ, ಇಲ್ಲವೇ ಒದ್ದೆ ಮಣ್ಣು, ಯಾವುದಾದರೊಂದನ್ನು ಜೊತೆಗೆ ಕಲಸಿ. ನಾಯಿಯಾಗಲಿ ಮಗುವಾಗಲಿ ಬಾಯಿಗೆ ಹಾಕದಂತೆ, ಯಾರೂ ಆರಿಸಿ ತೆಗೆಯದಂತೆ ಮಾಡುವುದು ಉದ್ದೇಶ. ಸಿರಪ್ಪನ್ನೂ ಅದೇ ಚರಟಕ್ಕೆ ಹೀರಿಸಬಹುದು. ಎಲ್ಲವನ್ನೂ ಸೋರದ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಕಾಗದ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ. ಬೆಂಗಳೂರಿನಲ್ಲಿ ಡೈಪರು, ಪ್ಯಾಡುಗಳಿಗೆ ಕೆಂಪು ಬುಟ್ಟಿ ಇಟ್ಟುಕೊಂಡವರು ಅದೇ ಬುಟ್ಟಿಯಲ್ಲಿ ಹಾಕಿ, ಕೊಡುವಾಗ ‘ಇದರಲ್ಲಿ ಔಷಧಿ ಇದೆ’ ಎಂದು ಬಾಯಿಬಿಟ್ಟು ಹೇಳಿ. ಹಸಿ ಕಸಕ್ಕೆ ಬೇಡ, ಅದು ಗೊಬ್ಬರವಾಗಿ ಯಾರದೋ ತೋಟಕ್ಕೆ ಹೋಗುತ್ತದೆ. ಬಾಟಲಿಯ ಚೀಟಿಯ ಮೇಲಿನ ರೋಗಿಯ ಹೆಸರನ್ನು ಅಳಿಸಿ. ಖಾಲಿ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ. ಇಷ್ಟು ಮಾಡಿದರೂ ಇದು ಪರಿಹಾರವಲ್ಲ, ಅಪಾಯವನ್ನು ತಗ್ಗಿಸುವ ಉಪಾಯ ಅಷ್ಟೇ. ಕಸದ ಗುಡ್ಡೆಯಿಂದ ಒಂದಿಷ್ಟು ಮಳೆಗೆ ಇಳಿದೇ ಇಳಿಯುತ್ತದೆ. ಕ್ಯಾನ್ಸರ್ ಮಾತ್ರೆ, ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಇವು ಮಾತ್ರ ಈ ಉಪಾಯಕ್ಕೂ ಸಲ್ಲವು. ಬರೆದುಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ, ಬರಿಗೈಯಲ್ಲಿ ಮುಟ್ಟಬೇಡಿ.

ಅವಧಿ ಇನ್ನೂ ಇರುವ ಮದ್ದನ್ನು ಬಡವರಿಗೆ ಕೊಡಬಾರದೇ ಎಂಬ ಪ್ರಶ್ನೆ ನನ್ನ ಕಿಟಕಿಗೆ ಅನೇಕ ಸಲ ಬಂದಿದೆ. ಒಬ್ಬ ಅಜ್ಜಿ ಕೈಚೀಲ ತುಂಬ ಹೃದಯದ ಮಾತ್ರೆ ತಂದು, “ನಮ್ಮ ಯಜಮಾನ್ರು ಹೋಗ್ಬಿಟ್ರು ಸ್ವಾಮಿ, ದುಡ್ಡು ಕೊಟ್ಟು ತಂದಿದ್ದು, ಯಾರಿಗಾದ್ರೂ ಕೊಡಿ” ಎಂದರು. ತೆಗೆದುಕೊಳ್ಳಲು ನನಗೆ ಅಧಿಕಾರವಿರಲಿಲ್ಲ. ಅಧಿಕಾರ ಇದ್ದಿದ್ದರೂ ಕೊಡುತ್ತಿರಲಿಲ್ಲ ಎನ್ನಿ. ಬೇಸಗೆಯಲ್ಲಿ ಶೀಟಿನ ಮನೆಯೊಳಗೆ ಆ ಮಾತ್ರೆ ಎಷ್ಟು ಬಿಸಿ ಕಂಡಿತ್ತೋ, ಅದರಲ್ಲಿ ಶಕ್ತಿ ಎಷ್ಟು ಉಳಿದಿತ್ತೋ ಪಟ್ಟಿಯನ್ನು ನೋಡಿ ಹೇಳಲಾಗದು. ಹೃದಯದ ಮದ್ದಿನಲ್ಲಿ ಇಂಥ ಅಂದಾಜು ಸಲ್ಲದು. ಆ ಅಜ್ಜಿಯ ಮುಖಕ್ಕೆ ಇದನ್ನು ಹೇಳುವುದು ಕಷ್ಟವಾಯಿತು. ಕೆಲವು ಧರ್ಮಾಸ್ಪತ್ರೆಗಳು ಒಡೆಯದ ಪೂರ್ತಿ ಪಟ್ಟಿಗಳನ್ನು ತಮ್ಮ ವೈದ್ಯರ ಕೈಯಿಂದ ಪರೀಕ್ಷಿಸಿ ತೆಗೆದುಕೊಳ್ಳುವುದುಂಟು. ಮೊದಲು ವಿಚಾರಿಸಿ ಒಯ್ಯಿರಿ. ನೆರೆಮನೆಯವರಿಗೆ ಮಾತ್ರ, ‘ನಂಗೂ ಇದೇ ಕೊಟ್ಟಿದ್ರು ಡಾಕ್ಟ್ರು’ ಎಂದು ಕೊಡಬೇಡಿ. ಉಳಿದ ಅರ್ಧ ಆಂಟಿಬಯೋಟಿಕ್ ಅಂತೂ ಬೇಡವೇ ಬೇಡ.

ಇನ್ನು ಸೂಜಿಯ ಡಬ್ಬ. ಇದು ಸುಲಭ, ಖರ್ಚಿಲ್ಲದ್ದು. ಬಟ್ಟೆ ಒಗೆಯುವ ದ್ರವವೋ ಫಿನಾಯಿಲೋ ಬಂದ ಗಟ್ಟಿ ಪ್ಲಾಸ್ಟಿಕ್ ಡಬ್ಬ ಸಾಕು. ತಿರುಗಿಸುವ ಮುಚ್ಚಳ ಇರಬೇಕು, ಒಳಗೆ ಕಾಣಬಾರದು. ನೀರಿನ ಬಾಟಲಿ ಬೇಡ. ಸೂಜಿ ಅದರ ಗೋಡೆಯನ್ನು ತೂರುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ; ಆಯುವವರು ಮೊದಲು ಕೈ ಹಾಕುವುದೇ ಅದಕ್ಕೆ, ಮುಚ್ಚಳ ತೆಗೆದು ಕೊಡವಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಗಾಜಿನದ್ದೂ ಬೇಡ, ಒಡೆಯುತ್ತದೆ. ಚುಚ್ಚಿದ ಕೂಡಲೇ ಸಿರಿಂಜು ಸಹಿತ ಸೂಜಿ ಡಬ್ಬದೊಳಕ್ಕೆ ಹೋಗಬೇಕು. ಮತ್ತೆ ಮುಚ್ಚಳ ತೊಡಿಸುವ, ಬಗ್ಗಿಸುವ, ಮುರಿಯುವ ಉಪಚಾರ ಬೇಡ. ಮನೆಯವರೇ ಚುಚ್ಚಿಕೊಳ್ಳುವುದು ಆ ಹೊತ್ತಿನಲ್ಲೇ. ಪೆನ್ನಿನ ಸೂಜಿ ಬಿಚ್ಚಲು ಅದರ ದೊಡ್ಡ ಹೊರಮುಚ್ಚಳ ಬೇಕಾಗುತ್ತದೆ. ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಪೆನ್ನನ್ನು ಮೇಲಿನಿಂದ ಇಳಿಸಿ, ಆಮೇಲೆ ತಿರುಗಿಸಿ ತೆಗೆಯಿರಿ. ಡಬ್ಬ ಮುಕ್ಕಾಲು ತುಂಬಿದ್ದೇ ಮುಚ್ಚಳ ಬಿಗಿದು, ಟೇಪು ಸುತ್ತಿ, ‘ಸೂಜಿ ಇದೆ, ತೆರೆಯಬೇಡಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಎಲ್ಲರಿಗೂ ಓದು ಬಾರದು, ಆದ್ದರಿಂದ ಸೂಜಿಯ ಚಿತ್ರವೊಂದನ್ನೂ ಗೀಚಿ.

ತುಂಬಿದ ಡಬ್ಬವನ್ನು ಒಯ್ಯಲು ಯೋಗ್ಯ ಜಾಗ ನೀವು ತೋರಿಸಿಕೊಳ್ಳುವ ಕ್ಲಿನಿಕ್ಕು, ರಕ್ತ ಪರೀಕ್ಷೆಯ ಲ್ಯಾಬು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಅವರ ಸೂಜಿಗಳನ್ನು ಒಯ್ಯಲು ಹೇಗೂ ಗಾಡಿ ಬರುತ್ತದೆ. ಕೆಲವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಿದರೆ ಇನ್ನೊಂದು ಕಡೆ ಕೇಳಿ. ಎಲ್ಲೂ ಆಗದಿದ್ದರೆ ಕಸದ ಆಟೋದವರ ಕೈಗೆ ಬೇರೆಯಾಗಿ ಕೊಟ್ಟು, ಒಳಗೇನಿದೆ ಎಂದು ಹೇಳಿ. ಬುಟ್ಟಿಯೊಳಗೆ ಹುದುಗಿಸಿ ಇಡಬೇಡಿ.

ಈ ಮಾತನ್ನು ಪೌರಕಾರ್ಮಿಕರು, ಕಸ ಆಯುವವರು ಯಾರಾದರೂ ಕೇಳುತ್ತಿದ್ದರೆ ನಿಮಗೊಂದು ವಿಷಯ. ಸೂಜಿ ಚುಚ್ಚಿದರೆ ಬೆರಳನ್ನು ಬಾಯಿಗೆ ಹಾಕಬೇಡಿ, ಹಿಂಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಆ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ ‘ಕಸದಲ್ಲಿ ಸೂಜಿ ಚುಚ್ಚಿದೆ’ ಎಂದು ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರು ನೋಡುತ್ತಾರೆ. ಬೇಕೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನೂ ಅಲ್ಲೇ ಕೇಳಿ. ಮೇಸ್ತ್ರಿ ರಜೆ ಕೊಡಲಿಲ್ಲವೆಂದು ನಾಳೆಗೆ ತಳ್ಳಬೇಡಿ.

ಕೊನೆಯದಾಗಿ ವೈದ್ಯರಿಗೆ, ಅಂಗಡಿಯವರಿಗೆ ನನ್ನದೊಂದು ಕೋರಿಕೆ. ಐದು ಮಾತ್ರೆ ಸಾಕಾದ ಕಡೆ ಹತ್ತು ಬರೆಯಬೇಡಿ. ಕತ್ತರಿಸಿ ಕೊಟ್ಟ ತುಂಡಿನ ಹಿಂದೆ ಪೆನ್ನಿನಲ್ಲಿ ಹೆಸರು, ದಿನಾಂಕ ಬರೆದುಕೊಡಿ. ಇನ್ಸುಲಿನ್ ಆರಂಭಿಸುವ ದಿನ ಹೇಗೆ ಚುಚ್ಚಿಕೊಳ್ಳಬೇಕು, ಎಲ್ಲಿ ಚುಚ್ಚಿಕೊಳ್ಳಬೇಕು, ಸೀಸೆಯನ್ನು ಎಲ್ಲಿಡಬೇಕು ಎಂದು ಅರ್ಧ ಗಂಟೆ ಹೇಳಿಕೊಡುತ್ತೀರಿ. ಅದೇ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬದಲ್ಲಿ ತುಂಬಿಸಿ, ಮುಂದಿನ ಸಲ ಬರುವಾಗ ಇಲ್ಲಿಗೇ ತನ್ನಿ.